ಫಿಷರ್ ಮೆಚ್ಚಿದ ಕಾಯಿಗಳು, ಅಜ್ಜನ ಟ್ರಂಕಿನ ಪೆಟ್ಟಿಗೆ

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ವಿದ್ಯಾರ್ಥಿದೆಸೆಯಿಂದಲೂ ಚದುರಂಗ ಆಡುತ್ತಿರುವ ನನಗೆ ಈಚೆಗೆ ಹೆಸರಾಂತ ಆಟಗಾರರು ಬಳಸಿದ ಮಾದರಿಯ ಕಾಯಿಗಳನ್ನು ಸಂಗ್ರಹಿಸುವ ಆಸೆ ಹುಟ್ಟಿದೆ. ಮಾರುವವರು ‘ಡುಬ್ರೋವ್ನಿಕ್ 1950’, ‘ಝಾಗ್ರೆಬ್ 1959’, ‘ತಾಲ್’ ಎಂದೆಲ್ಲ ಹೆಸರಿಡುತ್ತಾರೆ. ಇವುಗಳಲ್ಲಿ ನಿಜವೆಷ್ಟು, ವ್ಯಾಪಾರವೆಷ್ಟು? ಮೊದಲು ಯಾವುದನ್ನು ಕೊಳ್ಳಬೇಕು?
– ಓದುಗರು, ತುಮಕೂರು

ಉತ್ತರ: ಮೇಷ್ಟ್ರೇ, ಈ ಮೂರು ಹೆಸರುಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಡುಬ್ರೋವ್ನಿಕ್ ಎಂಬ ಹೆಸರಿಗೆ ಗಟ್ಟಿಯಾದ ಆಧಾರವಿದೆ. 1950ರಲ್ಲಿ ಯುಗೊಸ್ಲಾವಿಯದ ಆ ಊರಿನಲ್ಲಿ ದೇಶದೇಶಗಳ ತಂಡಗಳು ಸೆಣಸುವ ಚೆಸ್ ಒಲಿಂಪಿಯಾಡ್‌ನ ಒಂಬತ್ತನೆಯ ಆವೃತ್ತಿ ನಡೆದಾಗ ಅದಕ್ಕೆಂದೇ ಹೊಸ ಕಾಯಿಗಳನ್ನು ಮಾಡಿಸಲಾಯಿತು. ವಿನ್ಯಾಸಕಾರನೆಂದು ಪೆರೊ ಪೋಚೆಕ್ ಎಂಬ ಕಲಾವಿದನನ್ನು ಹೆಸರಿಸುತ್ತಾರೆ. ಇಂದಿಗೂ ಟೂರ್ನಿಗಳಲ್ಲಿ ಬಳಸುವ, ಇಂಗ್ಲೆಂಡಿನ ಸ್ಟಾಂಟನ್ ಮಾದರಿಯಲ್ಲಿ ರಾಜನ ತಲೆಯ ಮೇಲೆ ಶಿಲುಬೆಯೂ ಒಂಟೆಯ (ಬಿಷಪ್) ತಲೆಯಲ್ಲಿ ಪಾದ್ರಿಯ ಟೊಪ್ಪಿಗೆಯನ್ನು ಹೋಲುವ ಸೀಳೂ ಇರುತ್ತವೆ. ಸಮಾಜವಾದಿ ಯುಗೊಸ್ಲಾವಿಯ ಈ ಎರಡು ಧಾರ್ಮಿಕ ಗುರುತುಗಳನ್ನೂ ತೆಗೆದುಹಾಕಿತು. ಒಂಟೆಯ ತಲೆಯನ್ನು ನುಣ್ಣಗೆ ಬಿಟ್ಟು, ಅದರ ತುದಿಗೆ ಎದುರಾಳಿಯ ಬಣ್ಣದ ಪುಟ್ಟ ಗುಂಡೊಂದನ್ನು ಕೂರಿಸಿತು. ಅಮೆರಿಕದ ಆಟಗಾರ ಬಾಬಿ ಫಿಷರ್ ಮೆಚ್ಚಿ ಬಯಸಿದ್ದು ಈ ಮಾದರಿಯನ್ನೇ.

ಆದರೆ ಇಲ್ಲೇ ಒಂದು ಎಡವಟ್ಟಿದೆ. ‘ಫಿಷರ್ ಸೆಟ್’ ಎಂದ ಕೂಡಲೇ ಕೊಳ್ಳುವವರ ಕಣ್ಣಮುಂದೆ ಬರುವುದು 1972ರ ಐಸ್‌ಲ್ಯಾಂಡಿನ ರೇಕ್ಯಾವಿಕ್, ಆತ ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿಯನ್ನು 12½–8½ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದ ಪಂದ್ಯ. ಅಲ್ಲಿ ಮಣೆಯ ಮೇಲಿದ್ದದ್ದು ಲಂಡನ್ನಿನ ಜಾಕ್ಸ್ ಕಂಪನಿಯ ಸ್ಟಾಂಟನ್ ಕಾಯಿಗಳು. ಇಪ್ಪತ್ತು ವರ್ಷಗಳ ನಂತರ, 1992ರಲ್ಲಿ, ಅದೇ ಇಬ್ಬರು ಯುಗೊಸ್ಲಾವಿಯದ ಸ್ವೇತಿ ಸ್ಟೆಫಾನ್ ಮತ್ತು ಬೆಲ್‌ಗ್ರೇಡ್‌ನಲ್ಲಿ ಮತ್ತೆ ಎದುರುಬದುರು ಕುಳಿತಾಗ ಡುಬ್ರೋವ್ನಿಕ್ ಮಾದರಿ ಬಂತು. ಆದ್ದರಿಂದ ಮಾರುವವರು ಫಿಷರ್ ಹೆಸರು ಹೇಳಿದರೆ ‘ಯಾವ ವರ್ಷದ ಫಿಷರ್?’ ಎಂದು ಕೇಳಿ. ಉತ್ತರ ತಡವರಿಸಿದರೆ ಅವರು ಮಾರುತ್ತಿರುವುದು ಕಾಯಿಗಳನ್ನಲ್ಲ, ಹೆಸರನ್ನು.

‘ಝಾಗ್ರೆಬ್ 1959’ ನೆನಪಿಸುವುದು ಬ್ಲೆಡ್, ಝಾಗ್ರೆಬ್ ಮತ್ತು ಬೆಲ್‌ಗ್ರೇಡ್‌ಗಳಲ್ಲಿ ನಡೆದ, ವಿಶ್ವ ಚಾಂಪಿಯನ್‌ನ ಎದುರಾಳಿಯನ್ನು ಆರಿಸುವ ಕ್ಯಾಂಡಿಡೇಟ್ಸ್ ಟೂರ್ನಿಯನ್ನು. ಗೆದ್ದವನು ಸೋವಿಯತ್ ಆಟಗಾರ ಮಿಖಾಯಿಲ್ ತಾಲ್. ಹದಿನಾರರ ಹುಡುಗನಾಗಿದ್ದ ಫಿಷರ್ ಅವನ ಕೈಯಲ್ಲಿ ನಾಲ್ಕಕ್ಕೆ ನಾಲ್ಕೂ ಆಟ ಸೋತ. ಇನ್ನು ಸೋವಿಯತ್ ಸೆಟ್ಟುಗಳಿಗೆ ಅಂಟಿಕೊಂಡಿರುವ ತಾಲ್, ಬೊಟ್ವಿನಿಕ್ ಮುಂತಾದ ಆಟಗಾರರ ಹೆಸರುಗಳನ್ನು ಸಾಮಾನ್ಯವಾಗಿ ಹಳೆಯ ಛಾಯಾಚಿತ್ರಗಳನ್ನು ನೋಡಿ ಸಂಗ್ರಾಹಕರೂ ವ್ಯಾಪಾರಿಗಳೂ ಆಮೇಲೆ ಇಟ್ಟದ್ದು. ಇದನ್ನು ಮೋಸವೆನ್ನಲಾರೆ, ಹೊಲಕ್ಕೆ ಹಳೆಯ ಒಡೆಯನ ಹೆಸರು ಉಳಿದುಕೊಳ್ಳುವ ಹಾಗೆ ಇದೊಂದು ಗುರುತು, ಅಷ್ಟೆ.

ಈಗ ನೀವು ಕೊಳ್ಳಬಹುದಾದ ಹೊಸ ಪ್ರತಿಕೃತಿಗಳು, ಪೆಟ್ಟಿಗೆಯ ಮೇಲೆ ಯಾವ ದೇಶದ ಅಂಗಡಿಯ ಮುದ್ರೆಯಿದ್ದರೂ, ಬಹುಮಟ್ಟಿಗೆ ಅಮೃತಸರದ ಕುಶಲಕರ್ಮಿಗಳ ಕೈಯಿಂದ ಬಂದವು. ಉಳಿದ ಕಾಯಿಗಳು ಚರಕಿಯ ಮೇಲೆ ತಿರುಗಿ ಆಕಾರ ಪಡೆಯುತ್ತವೆ, ಕುದುರೆಯನ್ನು ಮಾತ್ರ ಕೈಯಿಂದಲೇ ಕೆತ್ತಬೇಕು. ಬೆಲೆಯ ದೊಡ್ಡ ಪಾಲು ಇರುವುದೂ ಅಲ್ಲಿಯೇ. ಆದ ಕಾರಣ ಸೆಟ್ ನೋಡುವಾಗ ರಾಜನನ್ನು ಬಿಟ್ಟು ನಾಲ್ಕು ಕುದುರೆಗಳನ್ನು ಸಾಲಾಗಿ ನಿಲ್ಲಿಸಿ, ಕಿವಿ, ದವಡೆ, ಕತ್ತಿನ ಬಾಗು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ. ನಾನು ಈ ಬುದ್ಧಿ ಕಲಿತದ್ದು ನಷ್ಟದಿಂದ. ಚಿತ್ರವನ್ನಷ್ಟೇ ನೋಡಿ ತರಿಸಿದ ಡುಬ್ರೋವ್ನಿಕ್ ಪ್ರತಿಕೃತಿಯೊಂದರಲ್ಲಿ ಎರಡು ಕುದುರೆಗಳು ಕುದುರೆಗಳಾಗಿದ್ದವು, ಇನ್ನೆರಡು ಕತ್ತೆಗಳಾಗಿದ್ದವು. ಮೊದಲ ಬೇಸಿಗೆಯಲ್ಲೇ ಸರಿಯಾಗಿ ಒಣಗದ ಮರ ಬುಡದಲ್ಲಿ ಸೀಳಿ, ಒಳಗಿನ ತೂಕದ ತುಂಡು ಲೊಟಲೊಟ ಅಲ್ಲಾಡತೊಡಗಿತು.

ಮೊದಲ ಸೆಟ್ ಯಾವುದೆಂದರೆ, ನನ್ನ ಮತ 1849ರ ಜಾಕ್ಸ್ ಸ್ಟಾಂಟನ್ ಮಾದರಿಯ ಸರಳ ಪ್ರತಿಕೃತಿಗೆ. ಆ ವರ್ಷದ ಮಾರ್ಚ್‌ನಲ್ಲಿ ನಥಾನಿಯಲ್ ಕುಕ್ ವಿನ್ಯಾಸವನ್ನು ನೋಂದಾಯಿಸಿದ, ಸೆಪ್ಟೆಂಬರ್‌ನಲ್ಲಿ ಜಾಕ್ಸ್ ಮಾರಾಟಕ್ಕಿಟ್ಟ, ಅಂದಿನ ಹೆಸರಾಂತ ಆಟಗಾರ ಹೊವರ್ಡ್ ಸ್ಟಾಂಟನ್ ತನ್ನ ಹೆಸರನ್ನು ಕೊಟ್ಟ. ಮುಂದಿನ ಯುಗೊಸ್ಲಾವ್, ಸೋವಿಯತ್ ಮಾದರಿಗಳೆಲ್ಲ ಇದರ ಮೊಮ್ಮಕ್ಕಳೇ ಆದ್ದರಿಂದ, ಇದು ಕೈಯಲ್ಲಿದ್ದರೆ ಯಾರು ಏನನ್ನು ಬದಲಿಸಿದರು ಎಂಬುದು ಬೆರಳಿಗೇ ತಿಳಿಯುತ್ತದೆ. ಮಣೆಯನ್ನು ಮಾತ್ರ ದೂರದಿಂದ ತರಿಸಬೇಡಿ. ತುಮಕೂರಿನ ಒಳ್ಳೆಯ ಬಡಗಿಯೊಬ್ಬರಿಂದ ಐದೂವರೆ ಸೆಂಟಿಮೀಟರ್ ಮನೆಗಳ ಮಣೆ ಮಾಡಿಸಿ. ಕಪ್ಪು ಮನೆಗೆ ಬೀಟೆ ಸರಿ. ಬಿಳಿ ಮನೆಗೆ ಹಲಸು ಬೇಡ, ಹೊಸತರಲ್ಲಿ ಹಳದಿಯಾಗಿ ಚೆಂದ ಕಂಡರೂ ವರ್ಷ ಕಳೆದಂತೆ ಕಂದಾಗಿ ಬೀಟೆಯತ್ತಲೇ ವಾಲುತ್ತದೆ.

ಪ್ರಶ್ನೆ: ನಮ್ಮ ತಾತ ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗೆ ಕಪ್ಪು ಮತ್ತು ಹಳದಿ ಮರದ ಚದುರಂಗದ ಕಾಯಿಗಳಿವೆ. ಎರಡೂ ಬಣ್ಣಗಳಲ್ಲಿ ಒಂದು ಆನೆ, ಒಂದು ಕುದುರೆಯ ತಲೆಯ ಮೇಲೆ ಮಾತ್ರ ಪುಟ್ಟ ಕಿರೀಟದ ಅಚ್ಚಿದೆ. ಬೇರೆ ಬೇರೆ ಸೆಟ್ಟುಗಳ ಕಾಯಿಗಳು ಬೆರೆತಿವೆಯೇ? ಪಾಲಿಷ್ ಮಾಡಿಸಬಹುದೇ?
– ಓದುಗರು, ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಉತ್ತರ: ಬೆರೆತಿಲ್ಲ, ಆ ಕಿರೀಟವೇ ನಿಮ್ಮ ಪೆಟ್ಟಿಗೆಯ ಅತ್ಯಂತ ಸ್ವಾರಸ್ಯಕರ ಸಂಗತಿ. ಹಿಂದೆ ಇಂಗ್ಲಿಷರು ನಡೆಗಳನ್ನು ಬರೆಯುವಾಗ ಮನೆಗಳಿಗೆ ಇಂದಿನಂತೆ ಅಕ್ಷರ ಮತ್ತು ಅಂಕಿ ಕೊಡದೆ, ‘ರಾಜನ ಕಡೆಯ ಕುದುರೆ’, ‘ರಾಣಿಯ ಕಡೆಯ ಆನೆ’ ಎಂಬಂತೆ ಕಾಯಿಗಳನ್ನು ಗುರುತಿಸುತ್ತಿದ್ದರು. ಆಟ ಅರ್ಧ ಮುಗಿದ ಮೇಲೆ ಯಾವ ಕುದುರೆ ಯಾವ ಕಡೆಯದೆಂದು ಮರೆಯದಿರಲಿ ಎಂದು ರಾಜನ ಕಡೆಯ ಆನೆ ಮತ್ತು ಕುದುರೆಗೆ ಕಿರೀಟ ಒತ್ತುತ್ತಿದ್ದರು. (ನಾವು ಆನೆ ಎನ್ನುವುದು ಅವರಿಗೆ ಕೋಟೆಯ ಬುರುಜು, ನಮ್ಮ ಒಂಟೆ ಅವರಿಗೆ ಬಿಷಪ್. ಹೆಸರು ನಮ್ಮದೇ ಇರಲಿ.)

ಗಣಿಯ ಆಡಳಿತ ಬ್ರಿಟಿಷರದಾಗಿದ್ದುದರಿಂದ ಇಂಗ್ಲೆಂಡಿನ ಸೆಟ್ ನಿಮ್ಮ ಊರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಕಿರೀಟ ಕಂಡ ಮಾತ್ರಕ್ಕೆ ಜಾಕ್ಸ್ ಎನ್ನಬೇಡಿ, ಬೇರೆಯವರೂ ಅದನ್ನು ಒತ್ತುತ್ತಿದ್ದರು. ರಾಜನ ಬುಡದ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಜಾಕ್ಸ್ ಲಂಡನ್ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳ ಅಚ್ಚು ಇರಬಹುದು. ಪೆಟ್ಟಿಗೆಯ ಮುಚ್ಚಳದ ಒಳಗೆ ಕಾಗದದ ಚೀಟಿಯಿದ್ದರೆ, ಅದು ಎಷ್ಟೇ ಹರಿದಿದ್ದರೂ ಮುಟ್ಟದೆ ಚಿತ್ರ ತೆಗೆದಿಡಿ. ಕಾಲವನ್ನು ನಿರ್ಣಯಿಸುವುದಕ್ಕೆ ಅದು ಕಾಯಿಗಳಷ್ಟೇ ಮುಖ್ಯ.

ಪಾಲಿಷ್ ಮಾತ್ರ ಖಂಡಿತ ಬೇಡ. ಮೆತ್ತಗಿನ ಒಣ ಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. ಮೇಲೆ ವಾರ್ನಿಶ್ ಹೊಡೆಸಿದರೆ ಕುದುರೆಯ ಕೆತ್ತನೆಯ ಗೆರೆಗಳು ತುಂಬಿಹೋಗುತ್ತವೆ. ಉಜ್ಜುಕಾಗದ ತಾಗಿದರೆ ನಿಮ್ಮ ತಾತನ ಬೆರಳುಗಳು ಇಷ್ಟು ವರ್ಷ ಸವೆಸಿ ತಂದ ಹೊಳಪು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಬುಡದ ಬಟ್ಟೆ ಕಿತ್ತು ಬಂದಿದ್ದರೆ ತೂಕಕ್ಕೆಂದು ಒಳಗೆ ತುಂಬಿದ ಸೀಸವನ್ನು ಬರಿಗೈಯಲ್ಲಿ ಕೆದಕಬೇಡಿ, ಮಕ್ಕಳ ಕೈಗೂ ಕೊಡಬೇಡಿ.

ನಿಮ್ಮವು ಮರದವು, ಸರಿ. ಇದನ್ನು ಓದುವ ಬೇರೆ ಯಾರದಾದರೂ ಮನೆಯಲ್ಲಿ ಬಿಳಿ ಮತ್ತು ಕೆಂಪು ಬಣ್ಣದ ಹಳೆಯ ಕಾಯಿಗಳಿದ್ದರೆ ಅವು ಮೂಳೆಯವೋ ದಂತದವೋ ಎಂದು ಮೊದಲು ತಿಳಿದುಕೊಳ್ಳಲಿ. ಮೂಳೆಯಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕಿಗಳು ಕಾಣುತ್ತವೆ, ಆನೆಯ ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ನವಿರಾದ ಗೆರೆಗಳಿರುತ್ತವೆ. ದಂತವಾದರೆ ಪಿತ್ರಾರ್ಜಿತವೇ ಆಗಿದ್ದರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಮಾರುವಂತಿಲ್ಲ. ಇಟ್ಟುಕೊಳ್ಳುವ ಬಗ್ಗೆ ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಲೇಸು.

ಪ್ರಶ್ನೆ: ಮಗಳಿಗೆ ಡುಬ್ರೋವ್ನಿಕ್ ಮಾದರಿಯ ಸೆಟ್ ಕೊಡಿಸಿದ್ದೇನೆ. ಅದನ್ನು ಟೂರ್ನಿಗೆ ಒಯ್ಯಬಹುದೇ?
– ಓದುಗರು, ಚಿಂತಾಮಣಿ

ಉತ್ತರ: ಮನೆಯಲ್ಲಿ ಧಾರಾಳವಾಗಿ ಆಡಲಿ, ಟೂರ್ನಿಗೆ ಬೇಡ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಶಿಫಾರಸು ಮಾಡುವುದು ಸ್ಟಾಂಟನ್ ಶೈಲಿಯ ಕಾಯಿಗಳನ್ನು: ರಾಜನ ಎತ್ತರ ಸುಮಾರು 9.5 ಸೆಂಟಿಮೀಟರ್, ಬುಡದ ಅಗಲ ಎತ್ತರದ ಶೇ 40ರಿಂದ 50, ಮಣೆಯ ಮನೆ 5ರಿಂದ 6 ಸೆಂಟಿಮೀಟರ್. ಅಳತೆ ಹೊಂದಿದರೂ ಡುಬ್ರೋವ್ನಿಕ್‌ನ ಸೀಳಿಲ್ಲದ ಒಂಟೆಯನ್ನು ಗಡಿಯಾರದ ಒತ್ತಡದಲ್ಲಿ ಎದುರಾಳಿ ಪದಾತಿಯೆಂದು ತಪ್ಪು ತಿಳಿದರೆ ತಕರಾರು ತೀರ್ಪುಗಾರರ ಮೇಜಿಗೆ ಹೋಗುತ್ತದೆ. ಕಾಯಿಗಳನ್ನು ಆಟಗಾರರೇ ತರಬೇಕೆಂದು ಆಯೋಜಕರು ಸೂಚಿಸಿದ್ದರೆ ಸಾಮಾನ್ಯ ಪ್ಲಾಸ್ಟಿಕ್ ಸೆಟ್ಟನ್ನೇ ಕೊಟ್ಟು ಕಳುಹಿಸಿ. ಬಸ್ಸಿನಲ್ಲಿ ಒಂದು ಕುದುರೆ ಕಳೆದುಹೋದರೂ ಬದಲಿ ಸಿಗುತ್ತದೆ.