ರೆಕಾರ್ಡಿನಲ್ಲಿರುವ ಆ 'ಎ.ಬಿ., 19 ವರ್ಷ' ಯಾರು?

ಓದುಗರ ಪ್ರಶ್ನೆಗಳಿಗೆ ಮನಃಶಾಸ್ತ್ರದ ನಿವೃತ್ತ ಅಧ್ಯಾಪಕಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ಸೈಕಾಲಜಿ, ಸಮಾಜಶಾಸ್ತ್ರ ನನ್ನ ವಿಷಯಗಳು. ಪಿಯುಸಿವರೆಗೂ ಕನ್ನಡ ಮಾಧ್ಯಮ. ಎಂ.ಎ. ಮಾಡಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕು ಅಂತ ಆಸೆ. ಗೆಳತಿಯರು ಆನ್‌ಲೈನಿನಲ್ಲಿ ಕೌನ್ಸೆಲಿಂಗ್, ಸಿಬಿಟಿ (ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ) ಅಂತ ಎಂಟು ಹತ್ತು ಸರ್ಟಿಫಿಕೇಟ್ ಮಾಡಿಕೊಂಡಿದ್ದಾರೆ. ಒಂದು ಕಡೆ ದುಡ್ಡು ಕಟ್ಟಿದರೆ ಹದಿನೈದು ದಿನದ ಇಂಟರ್ನ್‌ಶಿಪ್ ಕೊಡುತ್ತಾರಂತೆ. ನನ್ನ ಹತ್ತಿರ ಒಂದೂ ಇಲ್ಲ. ಅಪ್ಪನಿಗೆ ಹೊಲದ ಕೆಲಸ, ದುಡ್ಡು ಕೇಳಲು ಮನಸ್ಸು ಬರುವುದಿಲ್ಲ. ಈಗಿನಿಂದಲೇ ಏನು ತಯಾರಿ ಮಾಡಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: 'ನೀವು' ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ಮೂವತ್ತು ವರ್ಷ ನಿನ್ನ ವಯಸ್ಸಿನವರಿಗೇ ಪಾಠ ಮಾಡಿದವಳು ನಾನು. 'ನೀನು' ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ತಾನೆ?

ಮೊದಲು ಆ ದುಡ್ಡಿನ ವಿಷಯ. ಕಟ್ಟಬೇಡ. ಹದಿನೈದು ದಿನದಲ್ಲಿ ನೆಟ್ಟಗೆ ಒಂದು ಬ್ಲೌಸ್ ಹೊಲಿಯಲೂ ಬರುವುದಿಲ್ಲ, ಸಿಬಿಟಿ ಎಲ್ಲಿಂದ ಬಂತು? ಎಂ.ಎ. ಸೀಟಿನ ಸಂದರ್ಶನಗಳಲ್ಲಿ ನಾನೂ ಒಂದೆರಡು ಸಲ ಮೇಜಿನ ಆ ಕಡೆ ಕೂತಿದ್ದೇನೆ. ಫೈಲು ದಪ್ಪ ಇದ್ದವರಿಗೆ ನಾವು ಕೇಳುತ್ತಿದ್ದ ಪ್ರಶ್ನೆ ತೀರಾ ಸಣ್ಣದು: 'ಇದರಲ್ಲಿ ನೀನೇ ಕೈಯಾರೆ ಮಾಡಿದ್ದು ಯಾವುದಮ್ಮಾ?' ಅಲ್ಲಿಗೆ ಎಷ್ಟೋ ಜನರ ಮಾತು ನಿಂತುಹೋಗುತ್ತಿತ್ತು.

ನಗಬೇಡ, ಆ ಪ್ರಶ್ನೆಗೆ ನಾನೂ ಒಮ್ಮೆ ಸಿಕ್ಕಿಬಿದ್ದವಳೇ. ಎಂಬತ್ತರ ದಶಕದ ಮಾತು. ಒಂದು ಸಂದರ್ಶನಕ್ಕೆ ಹೋಗಿದ್ದೆ. ಎದುರಿಗೆ ಕೂತ ಹಿರಿಯರೊಬ್ಬರು ನನ್ನ ಪ್ರಾಕ್ಟಿಕಲ್ ರೆಕಾರ್ಡ್ ತೆರೆದರು. ಮಿರರ್ ಡ್ರಾಯಿಂಗ್ ಪ್ರಯೋಗ. ಕೈಯನ್ನು ನೇರವಾಗಿ ನೋಡದೆ, ಕನ್ನಡಿ ನೋಡಿಕೊಂಡೇ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಎಳೆಯಬೇಕಲ್ಲ, ಅದು. ನೀನೂ ಮಾಡಿರುತ್ತೀಯ. ಪ್ರಯೋಗಕ್ಕೆ ಕೂತವರ ಪೂರ್ತಿ ಹೆಸರು ರೆಕಾರ್ಡಿನಲ್ಲಿ ಬರೆಯುವುದಿಲ್ಲ, ಬರೀ ಮೊದಲಕ್ಷರ, ವಯಸ್ಸು. 'ಈ ಎ.ಬಿ., 19 ವರ್ಷ, ಇವರು ಮೊದಲ ಸಲ ಎಳೆಯುವಾಗ ಏನಂದರು?' ಅಂತ ಕೇಳಿದರು. ನಾನು ಗರ ಬಡಿದವಳ ಹಾಗೆ ಕೂತೆ. ಎ.ಬಿ. ಅನ್ನುವವರು ಇದ್ದರೆ ತಾನೆ! ಅಂಕಿಗಳನ್ನೆಲ್ಲ ಸೀನಿಯರ್ ರೆಕಾರ್ಡಿನಿಂದ ಇಳಿಸಿಕೊಂಡಿದ್ದೆ. ಆ ಸೀನಿಯರ್ ಅವಳ ಸೀನಿಯರ್‌ನಿಂದ. ನಮ್ಮ ಕಾಲೇಜಿನಲ್ಲಿ ಎ.ಬಿ.ಗೆ ವರ್ಷ ವರ್ಷವೂ 19 ವರ್ಷವೇ. ನಿಜವಾಗಿ ಆ ಪ್ರಯೋಗ ಮಾಡಿದ್ದರೆ ಗೊತ್ತಿರುತ್ತಿತ್ತು. ಮೊದಲ ಸಲ ಎಲ್ಲರೂ ನಗುತ್ತಾರೆ, ಆಮೇಲೆ ಬೈದುಕೊಳ್ಳುತ್ತಾರೆ, ಮೂಲೆಗೆ ಬಂದಾಗ ಕೈ ಸ್ಟ್ರೈಕ್ ಮಾಡುತ್ತದೆ. ಸೀಟು ಸಿಗಲಿಲ್ಲ ಅಂತ ಬೇರೆ ಹೇಳಬೇಕಾ?

ಹಾಗಾಗಿ ನಿನ್ನ ತಯಾರಿ ನಿನ್ನ ರೆಕಾರ್ಡಿನಿಂದಲೇ ಶುರುವಾಗಲಿ. ಪ್ರತಿ ಪ್ರಯೋಗಕ್ಕೂ ನಿಜವಾದ ಒಬ್ಬ ಮನುಷ್ಯ ಇರಲಿ. ಅಂಕಿ ವಿಚಿತ್ರವಾಗಿ ಬಂದರೆ ಅಳಿಸಬೇಡ, ಯಾಕೆ ಬಂತು ಅಂತ ಪಕ್ಕದಲ್ಲಿ ಎರಡು ಸಾಲು ಬರೆ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಎರಡನೆಯದು, ಡಿಗ್ರಿ ಮುಗಿಯುವುದರೊಳಗೆ ನಿನ್ನದೇ ಆದ ಒಂದು ಸಣ್ಣ ಅಧ್ಯಯನ ಮಾಡು. 'ಯುವಜನರ ಮೇಲೆ ಸಾಮಾಜಿಕ ಜಾಲತಾಣದ ಪರಿಣಾಮ' ಮಾತ್ರ ಬೇಡ. ಪ್ರತಿ ವರ್ಷ ನಲವತ್ತು ಜನ ಅದನ್ನೇ ತಂದುಕೊಡುತ್ತಿದ್ದರು, ಓದಿ ಓದಿ ನನಗೆ ಸಾಕಾಗಿದೆ. ನಾನೊಂದು ಹೇಳುತ್ತೇನೆ, ಇಷ್ಟವಾದರೆ ತೆಗೆದುಕೋ.

ಸಂತೆಯಲ್ಲಿ ಫೋನ್ ನಂಬರ್ ಕೇಳಿ ನೋಡು. ಇಂಗ್ಲಿಷಿನ ಗಂಧವೇ ಇಲ್ಲದ ಅಜ್ಜನೂ 'ನೈನ್ ಏಯ್ಟ್ ಫೋರ್' ಅಂತ ಶುರು ಮಾಡುತ್ತಾನೆ. ಯಾಕೆ? ಅಭ್ಯಾಸ ಅನ್ನಬಹುದು. ಇನ್ನೊಂದು ಕಾರಣವೂ ಇರಬಹುದು. ಒಂದು, ಎರಡು, ಮೂರು ಅಂತ ಬಾಯಲ್ಲಿ ಹೇಳಿ ನೋಡು. ಉಚ್ಚಾರದಲ್ಲಿ 'ಎರಡು', 'ಒಂಬತ್ತು' ಮೂರು ಮೂರು ತುಂಡು, ಉಳಿದವೆಲ್ಲ ಎರಡೆರಡು. ಇಂಗ್ಲಿಷಿನಲ್ಲಿ 'ಸೆವೆನ್' ಒಂದನ್ನು ಬಿಟ್ಟರೆ ಒಂಬತ್ತರವರೆಗೆ ಎಲ್ಲವೂ ಒಂದೇ ತುಂಡು. ಕೇಳಿದ ತಕ್ಷಣ ತಿರುಗಿ ಹೇಳುವ ನೆನಪು ಇದೆಯಲ್ಲ, ಅದರಲ್ಲಿ ಎಷ್ಟು ಅಂಕಿ ಹಿಡಿಯುತ್ತದೆ ಅನ್ನುವುದಕ್ಕೂ ಅವನ್ನು ಹೇಳಲು ಹಿಡಿಯುವ ಹೊತ್ತಿಗೂ ಸಂಬಂಧ ಇದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಎಲ್ಲಿಸ್ ಮತ್ತು ಹೆನೆಲಿ ಎಂಬಿಬ್ಬರು 1980ರಲ್ಲಿ ಇದನ್ನೇ ತೋರಿಸಿದರು. ವೆಲ್ಷ್ ಅಂಕಿಗಳನ್ನು ಹೇಳಲು ಇಂಗ್ಲಿಷಿಗಿಂತ ಜಾಸ್ತಿ ಹೊತ್ತು ಬೇಕು. ಎರಡೂ ಭಾಷೆ ಬಲ್ಲವರು ಕೂಡ ವೆಲ್ಷ್‌ನಲ್ಲಿ ಕಡಿಮೆ ಅಂಕಿ ನೆನಪಿಟ್ಟರು.

ಕನ್ನಡದಲ್ಲಿ ಏನಾಗುತ್ತದೆ? ನಿಮ್ಮ ಕಾಲೇಜಿನಲ್ಲೇ ಹದಿನೆಂಟು ದಾಟಿದ ನಲವತ್ತು ಜನರನ್ನು ಕೇಳು. ಏನು ಮಾಡುತ್ತೀಯ ಅಂತ ಹೇಳಿ, ಒಪ್ಪಿಗೆ ಬರೆಸಿಕೋ. ಪ್ರಿನ್ಸಿಪಾಲರಿಗೂ ತಿಳಿಸು. ಸೆಕೆಂಡಿಗೆ ಒಂದರಂತೆ ಅಂಕಿ ಓದು, ಅವರು ತಿರುಗಿ ಹೇಳಲಿ. ಮೂರು ಅಂಕಿಯಿಂದ ಶುರು, ಪ್ರತಿ ಉದ್ದಕ್ಕೂ ಎರಡೆರಡು ಸಾಲು, ಆಮೇಲೆ ಒಂದೊಂದೇ ಅಂಕಿ ಹೆಚ್ಚಿಸು. ಒಂದೇ ಉದ್ದದ ಎರಡು ಸಾಲನ್ನೂ ತಪ್ಪಿದರೆ ಅಲ್ಲಿಗೆ ನಿಲ್ಲಿಸು. ಇಪ್ಪತ್ತು ಜನರಿಗೆ ಮೊದಲು ಕನ್ನಡ, ಇಪ್ಪತ್ತು ಜನರಿಗೆ ಮೊದಲು ಇಂಗ್ಲಿಷ್. ಯಾಕೆ ಹಾಗೆ ಅಂತ ನೀನೇ ಯೋಚಿಸು, ಸಂದರ್ಶನದಲ್ಲಿ ಕೇಳುತ್ತಾರೆ. ಯಾವ ಮಾಧ್ಯಮದಲ್ಲಿ ಓದಿದರು, ಮನೆಯಲ್ಲಿ ಲೆಕ್ಕ ಯಾವ ಭಾಷೆಯಲ್ಲಿ ಹಾಕುತ್ತಾರೆ, ಅದನ್ನೂ ಬರೆದುಕೋ. ಅಭ್ಯಾಸದ ಪಾಲೆಷ್ಟು, ಉದ್ದದ ಪಾಲೆಷ್ಟು ಅನ್ನುವ ಜಗಳ ಅಲ್ಲೇ ಬರುವುದು.

ಇದೇನು ಮಕ್ಕಳಾಟ ಅಂತ ಅನಿಸಬಹುದು. ಅಲ್ಲ. ಅಂಕಿ ಹೇಳಿಸುವ ಪರೀಕ್ಷೆ ಎಷ್ಟೋ ಬುದ್ಧಿಶಕ್ತಿ ಪರೀಕ್ಷೆಗಳ ಒಂದು ಭಾಗ. ಬೇರೆ ಭಾಷೆಯವರಿಗೆ ಹಾಕಿದ ಅಳತೆಗೋಲಿನಲ್ಲಿ ನಮ್ಮ ಮಗುವನ್ನು ಅಳೆದರೆ ಮಗು 'ದಡ್ಡ' ಆಗಿಬಿಡುತ್ತದೆ. ನಿಮ್ಮ ಪಕ್ಕದ ಧಾರವಾಡದ ಕಡೆಯಲ್ಲೇ ವಿ.ವಿ. ಕಾಮತ್ ಅವರು ಕಳೆದ ಶತಮಾನದ ಮೂವತ್ತರ ದಶಕದಲ್ಲಿ ಬುದ್ಧಿಶಕ್ತಿ ಅಳೆಯುವ ಬಿನೆ ಪರೀಕ್ಷೆಯನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದರು. ಬಿನೆ-ಕಾಮತ್ ಹೆಸರು ಸಿಲಬಸ್ಸಿನಲ್ಲಿ ನೋಡಿರಬೇಕಲ್ಲ? ನಮ್ಮ ಕಡೆಯ ಮಕ್ಕಳನ್ನು ಕೂರಿಸಿಕೊಂಡು ಮಾಡಿದ ಕೆಲಸ ಅದು.

ಅಂಕಿ ಬಂದ ಮೇಲೆ ಲೆಕ್ಕ. ಸ್ಟ್ಯಾಟಿಸ್ಟಿಕ್ಸ್ ಅಂದರೆ ನಮ್ಮ ಮಕ್ಕಳು ದೆವ್ವ ಕಂಡ ಹಾಗೆ ಓಡುತ್ತಾರೆ. ನೀನು ಓಡಬೇಡ. ಸರಾಸರಿ, ಎಸ್‌ಡಿ, ಕೋರಿಲೇಷನ್, ಟಿ-ಟೆಸ್ಟ್, ಕೈಸ್ಕ್ವೇರ್, ಇಷ್ಟನ್ನು ಒಂದು ಸಲ ಕ್ಯಾಲ್ಕ್ಯುಲೇಟರ್ ಹಿಡಿದು ಕೈಯಲ್ಲೇ ಮಾಡು. ಆಮೇಲೆ ಈ ಲೆಕ್ಕ ಮಾಡಿಕೊಡುವ ಸಾಫ್ಟ್‌ವೇರ್, ಜಾಮೋವಿ ಅಥವಾ ಜಾಸ್ಪ್, ಇಳಿಸಿಕೋ. ಎರಡೂ ಪುಕ್ಕಟೆ, ಕಾಲೇಜಿನ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಎಂ.ಎ. ಪ್ರವೇಶ ಪರೀಕ್ಷೆಗಳಲ್ಲಿ ಹುಡುಗರು ಮುಗ್ಗರಿಸುವುದು ಫ್ರಾಯ್ಡ್ ಮೇಲಲ್ಲ, ಇಲ್ಲಿ.

ಈಗ ದಾರಿಯ ಮಾತು. ಇದನ್ನು ಎರಡು ಸಲ ಓದು. ಬರೀ ಎಂ.ಎ. ಮಾಡಿದರೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಆ ಹೆಸರು ಯಾರಿಗೆ ಸಲ್ಲುತ್ತದೆ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಬರೆದಿದೆ. ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರ ಬಾಯಲ್ಲಿ ಆರ್‌ಸಿಐ, ಒಪ್ಪಿದ ತರಬೇತಿ ಆಗಿರಬೇಕು. ಇಷ್ಟು ವರ್ಷ ಅದಕ್ಕೆ ರಾಜಮಾರ್ಗ ಅಂದರೆ ಎಂ.ಎ. ಆದ ಮೇಲೆ ಎರಡು ವರ್ಷದ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್, ನಿಮ್ಮ ಹತ್ತಿರದ ಧಾರವಾಡದ ಡಿಮ್ಹಾನ್ಸ್, ಹೀಗೆ ಕೆಲವೇ ಕಡೆ, ಕೆಲವೇ ಸೀಟು. ಆದರೆ ಎಂ.ಫಿಲ್. ಪದವಿಯನ್ನೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರಲ್ಲಿ ನಿಲ್ಲಿಸಿತು. ಆಮೇಲೆ ಕ್ಲಿನಿಕಲ್ ಸೈಕಾಲಜಿಗೂ ಸೈಕಿಯಾಟ್ರಿಕ್ ಸೋಷಿಯಲ್ ವರ್ಕಿಗೂ 2025-26ರವರೆಗೆ ಅವಧಿ ಕೊಟ್ಟಿತು. ಅದರ ಜಾಗಕ್ಕೆ ಹೊಸ ಕೋರ್ಸುಗಳು ಬರುತ್ತಿವೆ. ನೀನು ಎಂ.ಎ. ಸೇರುವ ಹೊತ್ತಿಗೆ ನಿಯಮ ಇನ್ನೊಂದು ಸುತ್ತು ಬದಲಾಗಿದ್ದರೂ ಆಶ್ಚರ್ಯವಿಲ್ಲ. ಆದ್ದರಿಂದ ಫೀಸು ಕಟ್ಟುವ ದಿನ ಆರ್‌ಸಿಐ ವೆಬ್‌ಸೈಟ್ ತೆರೆದು ಆ ಕಾಲೇಜು, ಆ ಕೋರ್ಸು, ಆ ವರ್ಷ, ಮೂರೂ ಪಟ್ಟಿಯಲ್ಲಿವೆಯಾ ನೋಡು. 'ಎಂ.ಎಸ್ಸಿ. ಕ್ಲಿನಿಕಲ್ ಸೈಕಾಲಜಿ' ಅಂತ ಬೋರ್ಡು ಹಾಕಿ, ಆರ್‌ಸಿಐ ಒಪ್ಪಿಗೆ ಇಲ್ಲದ ಕಡೆ ಎಷ್ಟೋ ಇವೆ. ಲಕ್ಷಗಟ್ಟಲೆ ಕಟ್ಟಿ ಆಮೇಲೆ ಅತ್ತುಕೊಂಡು ನನಗೆ ಬರೆದವರಿದ್ದಾರೆ.

ಎಂ.ಎ.ಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ನಿನಗೆ ಹತ್ತಿರ, ಖರ್ಚೂ ಕಡಿಮೆ. ಮೈಸೂರಿನದು ಹಳೆಯ ವಿಭಾಗ, 1924ರಲ್ಲಿ ಎಂ.ವಿ. ಗೋಪಾಲಸ್ವಾಮಿ ಕಟ್ಟಿದ್ದು. ಮೈಸೂರಿನ ತಮ್ಮ ಮನೆಯಲ್ಲೇ 1935ರಲ್ಲಿ 'ಆಕಾಶವಾಣಿ' ಹೆಸರಿನ ರೇಡಿಯೊ ಶುರು ಮಾಡಿದ ಸೈಕಾಲಜಿ ಮೇಷ್ಟ್ರು ಅವರೇ. ಹೊರಗೆ ಹೋಗುವ ಧೈರ್ಯ ಇದ್ದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ ಸಿಯುಇಟಿ-ಪಿಜಿ ಬರೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಸೈಕಾಲಜಿ ಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ. ಅದಕ್ಕೇ ಈಗಿನಿಂದ ದಿನಕ್ಕೆ ಎರಡು ಪುಟ ಇಂಗ್ಲಿಷ್ ಪಠ್ಯ ಓದು, ಓದಿದ್ದನ್ನು ಕನ್ನಡದಲ್ಲಿ ನಿಮ್ಮ ಅವ್ವನಿಗೆ ಹೇಳು. ಅವರಿಗೆ ಅರ್ಥವಾದರೆ ನಿನಗೂ ಆಗಿದೆ ಅಂತ ಲೆಕ್ಕ.

ಕನ್ನಡ ಮಾಧ್ಯಮ ಅಂತ ಅಂಜುತ್ತಾ ಬರೆದಿದ್ದೀಯ. ಬಿ.ಎ. ಹುಡುಗಿಗೆ ರೋಗಿಗಳನ್ನು ನೋಡಲು ಯಾರೂ ಬಿಡುವುದಿಲ್ಲ, ಬಿಡಲೂ ಬಾರದು. ಆದರೆ ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. 'ಎದಿ ಧಸಕ್ ಅಂತೈತಿ', 'ನಿದ್ದಿ ಹತ್ತವಲ್ದು', 'ತಲಿ ಗಿಂವ್ ಅಂತೈತಿ', 'ಜೀವಕ್ಕ ಬ್ಯಾಸರ ಆಗೇತಿ'. ನಿಮ್ಮ ಊರಿನ ಜನ ಸಂಕಟವನ್ನು ಹೇಗೆ ಹೇಳುತ್ತಾರೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋಗು, ಹೇಳಿದವರ ಹೆಸರು ಮಾತ್ರ ಬೇಡ. ಬೆಂಗಳೂರಿನ ಇಂಗ್ಲಿಷ್ ಹುಡುಗಿಗೆ 'ಬ್ಯಾಸರ' ಬರೀ ಬೋರು ಅಂತ ಕೇಳಿಸುತ್ತದೆ. ಅದರ ಹಿಂದೆ ಏನಿರಬಹುದು ಅಂತ ನಿನ್ನ ಕಿವಿಗೆ ಗೊತ್ತು. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ಅಲ್ಲಿಗೆ ನಮ್ಮ ಹಳ್ಳಿಗಳಿಂದ ಫೋನ್ ಮಾಡುವವರು ಮಾತಾಡುವುದು ನಿನ್ನ ಭಾಷೆಯನ್ನೇ.

ಆ ನಲವತ್ತು ಜನರ ಅಂಕಿ ಬಂದರೆ ನನಗೂ ಕಳಿಸು. ಚೆಂದ ಕಾಣಲಿ ಅಂತ ಒಬ್ಬರನ್ನೂ ಬಿಡಬೇಡ.

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಬಿ.ಎಸ್ಸಿ. ಸೈಕಾಲಜಿ ಕೊನೆಯ ವರ್ಷ. ಅಮೆರಿಕದಲ್ಲಿ ಎಂ.ಎಸ್. ಮಾಡಿ ಅಲ್ಲೇ ಥೆರಪಿಸ್ಟ್ ಆಗುತ್ತೇನೆ ಅನ್ನುತ್ತಾಳೆ. ನಲವತ್ತು ಲಕ್ಷ ಸಾಲ ಆಗುತ್ತದೆ. ಸೈಟು ಅಡವಿಡಲು ಹೊರಟಿದ್ದೇನೆ. ಸರಿಯಾ?
– ಒಬ್ಬ ತಂದೆ, ತುಮಕೂರು

ಉತ್ತರ: ಸೈಟಿನ ಕಾಗದ ಬೀರುವಿನಲ್ಲೇ ಇರಲಿ ಸಾರ್, ಮೊದಲು ಮಗಳಿಗೆ ಒಂದು ಪ್ರಶ್ನೆ ಕೇಳಿ. 'ಈ ಕೋರ್ಸು ಮುಗಿದರೆ ಯಾವ ರಾಜ್ಯದಲ್ಲಿ, ಯಾವ ಲೈಸೆನ್ಸಿಗೆ ಅರ್ಜಿ ಹಾಕಬಹುದು?' ಅಲ್ಲಿ ಬಹುತೇಕ ರಾಜ್ಯಗಳಲ್ಲಿ 'ಸೈಕಾಲಜಿಸ್ಟ್' ಅನಿಸಿಕೊಳ್ಳಲು ಡಾಕ್ಟರೇಟ್ ಬೇಕು. ಕೌನ್ಸೆಲಿಂಗ್‌ನ ಮಾಸ್ಟರ್ಸ್ ಮಾಡಿದವರಿಗೆ ಬೇರೆ ಲೈಸೆನ್ಸ್ ಇದೆ. ಬರೀ 'ಎಂ.ಎಸ್. ಸೈಕಾಲಜಿ' ಅಂದರೆ ಎರಡೂ ಆಗದೆ ಉಳಿಯಬಹುದು.

ಎಷ್ಟೋ ಜನರಿಗೆ ಗೊತ್ತಿಲ್ಲದ ಇನ್ನೊಂದು ವಿಷಯ. ಅಮೆರಿಕದಲ್ಲಿ ಪಿಎಚ್.ಡಿ.ಗೆ ಮಾಸ್ಟರ್ಸ್ ಇಲ್ಲದವರನ್ನೂ ತೆಗೆದುಕೊಳ್ಳುತ್ತಾರೆ. ಒಳ್ಳೆಯ ಕಡೆ ಫೀಸು ಮಾಫಿ, ಮೇಲೆ ಸ್ಟೈಪೆಂಡ್. ಐದಾರು ವರ್ಷ ಹಿಡಿಯುತ್ತದೆ, ಸೀಟು ತೀರಾ ಕಡಿಮೆ. ಅಲ್ಲಿ ನೋಡುವುದು ಸಂಶೋಧನೆಯ ಅನುಭವ ಮತ್ತು ಮೇಷ್ಟ್ರುಗಳ ಶಿಫಾರಸು ಪತ್ರ, ಸಾಮಾನ್ಯವಾಗಿ ಮೂರು. ಪತ್ರ ಬರೆಯುವವರು ಮಗಳನ್ನು ಹೆಸರು ಹಿಡಿದು ಬಲ್ಲವರಾಗಿರಬೇಕು. ಕೊನೆಯ ದಿನದ ಹಿಂದಿನ ಸಂಜೆ ಸ್ವೀಟ್ ಬಾಕ್ಸ್ ಹಿಡಿದು ನನ್ನ ಮನೆ ಬಾಗಿಲಿಗೆ ಬರುತ್ತಿದ್ದವರನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸ್ವೀಟ್ ಮಾತ್ರ ತಿಂದಿದ್ದೇನೆ, ಸುಳ್ಳು ಹೇಳಬಾರದು.

ನನ್ನನ್ನು ಕೇಳಿದರೆ, ಎಂ.ಎ. ಇಲ್ಲೇ ಮಾಡಲಿ. ಆಮೇಲೆ ಒಂದೆರಡು ವರ್ಷ ಯಾವುದಾದರೂ ಸಂಶೋಧನಾ ಪ್ರಾಜೆಕ್ಟಿನಲ್ಲಿ ಕೆಲಸ ಮಾಡಲಿ. ನಿಮ್ಹಾನ್ಸ್ ಇಂಥ ಹುದ್ದೆಗಳಿಗೆ ತನ್ನ ವೆಬ್‌ಸೈಟಿನಲ್ಲಿ ಕರೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಈ ಹುಚ್ಚು ಇಳಿದರೆ ಸೈಟು ಉಳಿಯಿತು. ಇಳಿಯದಿದ್ದರೆ, ಪಿಎಚ್.ಡಿ.ಗೇ ನೇರವಾಗಿ ಅರ್ಜಿ ಹಾಕುವಷ್ಟು ಗಟ್ಟಿಯಾಗಿರುತ್ತಾಳೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಡಿಗ್ರಿಯಲ್ಲಿ ಸೈಕಾಲಜಿ ಓದಿದ್ದೆ. ಕೆಲಸ ಬಿಡದೆ ದೂರಶಿಕ್ಷಣದಲ್ಲಿ ಎಂ.ಎ. ಮಾಡಬಹುದೇ?
– ಚಿತ್ರದುರ್ಗ

ಉತ್ತರ: ಮೊದಲು ಮಾಡಬಹುದಿತ್ತು, ಎಷ್ಟೋ ಶಿಕ್ಷಕರು ಮಾಡಿದರು ಕೂಡ. ಆದರೆ 2025ರ ಜುಲೈ-ಆಗಸ್ಟ್‌ನಿಂದ ಸೈಕಾಲಜಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನಿನಲ್ಲಾಗಲಿ ಹೊಸದಾಗಿ ಕೊಡಬಾರದು ಅಂತ ಯುಜಿಸಿ ಹೇಳಿದೆ. 2021ರ ಆರೋಗ್ಯ ವೃತ್ತಿಗಳ ಕಾಯ್ದೆಯ ಅಡಿಗೆ ಈ ವಿಷಯ ಬಂದಿದೆ, ಅದಕ್ಕೆ. ಈಗಲೂ ಯಾರಾದರೂ ಫೋನ್ ಮಾಡಿ 'ಸೀಟು ಇದೆ ಮೇಡಂ, ಇವತ್ತೇ ಕೊನೆ' ಅಂದರೆ ಫೋನ್ ಇಟ್ಟುಬಿಡಿ. ನಿಮಗೆ ಓದಲೇಬೇಕು ಅಂತಿದ್ದರೆ ಕಾಲೇಜಿಗೆ ಹೋಗಿಯೇ ಓದಬೇಕು. ಕೆಲಸ ಬಿಡುವ ಮಾತು ಆಮೇಲೆ, ವ್ಯಾಸಂಗಕ್ಕೆ ರಜೆ ಸಿಗುತ್ತದಾ ಅಂತ ಮೊದಲು ನಿಮ್ಮ ಬಿಇಒ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ.