ಹೊಲ ಮಾರುವ ಮೊದಲು ಒಂದು ಮಾತು

ಪ್ರಶ್ನೆ: ನಾವು ಹಿರೇಕೆರೂರು ಕಡೆಯವರು. ಎರಡು ಎಕರೆ ಹೊಲ ಇದೆ, ಗೋವಿನಜೋಳ ಬೆಳೆಯುತ್ತೇವೆ. ಮಗಳು ಸಿಇಟಿ ಬರೆದಿದ್ದಾಳೆ, ರ‍್ಯಾಂಕ್ ಸಾಧಾರಣ. ಕಂಪ್ಯೂಟರ್ ಸೈನ್ಸೇ ಬೇಕು ಅನ್ನುತ್ತಾಳೆ. ಏಜೆಂಟ್ ಒಬ್ಬ ಬೆಂಗಳೂರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, 2 ಲಕ್ಷ ಮುಂಗಡ ಕೊಡಿ ಅಂತ ಗಂಟುಬಿದ್ದಿದ್ದಾನೆ. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಸಾಲ ಸಿಗುತ್ತದೆ. ಇಲ್ಲವಾದರೆ ಒಂದು ಎಕರೆ ಮಾರಬೇಕು. ಏನು ಮಾಡಲಿ?

ಉತ್ತರ: ಅಣ್ಣಾ, ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹೊಲದ ಮಾತನ್ನೂ ಸದ್ಯಕ್ಕೆ ಬಿಡಿ.

ಮೊದಲು ಆ ಮೂರು ರೂಪಾಯಿ ಬಡ್ಡಿಯ ಲೆಕ್ಕ ನೋಡೋಣ. 2 ಲಕ್ಷಕ್ಕೆ ತಿಂಗಳಿಗೆ 6,000. ವರ್ಷಕ್ಕೆ 72,000. ಮಗಳ ಓದು ಮುಗಿಯುವ ನಾಲ್ಕು ವರ್ಷಕ್ಕೆ ಬಡ್ಡಿಯೇ 2,88,000 ಆಯಿತು, ಅಸಲು ಹಾಗೇ ಕೂತಿರುತ್ತದೆ. ಅದೂ ಮೊದಲ ವರ್ಷದ ಮುಂಗಡಕ್ಕೆ ಮಾತ್ರ. ಉಳಿದ ಮೂರು ವರ್ಷದ ಶುಲ್ಕ ಎಲ್ಲಿಂದ ತರುತ್ತೀರಿ?

ನಮ್ಮಲ್ಲಿ ಹೆಚ್ಚಿನವರು ಸೀಟು ಸಿಕ್ಕ ಮೇಲೆ ದುಡ್ಡು ಹುಡುಕಲು ಹೊರಡುತ್ತಾರೆ. ನಿಮ್ಮ ಖರ್ಚು ಎಷ್ಟು ಅನ್ನೋದು ಅದಕ್ಕೂ ಮೊದಲೇ, ಸಿಇಟಿ ನಡೆಸುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಆಪ್ಷನ್, ಅಂದರೆ ಬೇಕಾದ ಕಾಲೇಜು-ಕೋರ್ಸುಗಳ ಪಟ್ಟಿ ಹಾಕುವ ದಿನವೇ ಅರ್ಧ ತೀರ್ಮಾನ ಆಗಿಬಿಡುತ್ತದೆ. ಮಗಳ ಪಕ್ಕ ನೀವೂ ಕೂತುಕೊಳ್ಳಿ. ಕಾಲೇಜಿನ ಹೆಸರಿನ ಜೊತೆ ಶುಲ್ಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸರ್ಕಾರಿ ಕಾಲೇಜುಗಳನ್ನು ಮೇಲೆ ಹಾಕಿ. ನಿಮ್ಮ ಹಾವೇರಿಯಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಬೆಂಗಳೂರಲ್ಲಿ ರೂಮು, ಊಟ, ಬಸ್ಸು ಅಂತ ಆಗುವ ಖರ್ಚು ಎಷ್ಟೋ ಸಲ ಶುಲ್ಕವನ್ನೇ ಮೀರಿಸುತ್ತದೆ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಎಸ್‌ಎನ್‌ಕ್ಯೂ ಅಂತ ಒಂದು ಕೋಟಾ ಇದೆ, ಹಳ್ಳಿ ಕಡೆ ಬಹಳ ಜನಕ್ಕೆ ಗೊತ್ತೇ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಮಾಮೂಲಿ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ 5ರಷ್ಟು ಸೀಟು ಇದರಲ್ಲಿ ಇರುತ್ತವೆ. ಕುಟುಂಬದ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಸಾಕು, ಜಾತಿ ಯಾವುದಾದರೂ ಸರಿ. ಬೋಧನಾ ಶುಲ್ಕ ಪೂರ್ತಿ ಮಾಫಿ, ಬೇರೆ ಸಣ್ಣಪುಟ್ಟ ಶುಲ್ಕ ಮಾತ್ರ ಕಟ್ಟಬೇಕು. ಸೀಟು ಕಡಿಮೆ, ಪೈಪೋಟಿ ಜಾಸ್ತಿ, ಆದರೂ ಬಿಡಬೇಡಿ.

ಅಷ್ಟಾದರೂ ಹಣ ಸಾಲದಿದ್ದರೆ ಸಾಲ ಮಾಡಿ, ಆದರೆ ಸರಿಯಾದ ಕಡೆ ಮಾಡಿ. ಹಿಂದುಳಿದ ವರ್ಗದವರಾದರೆ ದೇವರಾಜ ಅರಸು ನಿಗಮದ ಅರಿವು ಯೋಜನೆ ಇದೆ. ಸಿಇಟಿ ಸೀಟಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ವರ್ಷಕ್ಕೆ ಶೇ 2. ಅಂದರೆ ಲಕ್ಷಕ್ಕೆ ಇಡೀ ವರ್ಷಕ್ಕೆ 2,000 ರೂಪಾಯಿ. ನಿಮ್ಮ ಊರಿನ ಸಾಹುಕಾರ ಅದೇ ಲಕ್ಷಕ್ಕೆ ಒಂದು ತಿಂಗಳಿಗೆ 3,000 ಕೇಳುತ್ತಿದ್ದಾನೆ, ನೋಡಿ. ಅಲ್ಪಸಂಖ್ಯಾತರಿಗೆ ಅವರದೇ ನಿಗಮದಲ್ಲಿ ಅರಿವು ಸಾಲ ಇದೆ. ಬೇರೆ ಸಮುದಾಯಗಳ ನಿಗಮಗಳಲ್ಲೂ ಜಿಲ್ಲಾ ಕಚೇರಿಗೆ ಹೋಗಿ ಕೇಳಿ.

ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಹೆದರಬೇಡಿ. 4 ಲಕ್ಷದವರೆಗೆ ಆಸ್ತಿ ಅಡಮಾನ ಇಡಬೇಕಿಲ್ಲ, ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಆಯಿತು. ಓದು ಮುಗಿದ ಮೇಲೆ ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ. ಕುಟುಂಬದ ಆದಾಯ 4.5 ಲಕ್ಷದ ಒಳಗಿದ್ದರೆ ಅಷ್ಟೂ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಕಟ್ಟುವ ಯೋಜನೆ ಇದೆ. ಅದಕ್ಕೆ ಕಾಲೇಜಿಗೆ ನ್ಯಾಕ್ ಮಾನ್ಯತೆಯೋ ಕೋರ್ಸಿಗೆ ಎನ್‌ಬಿಎ ಮಾನ್ಯತೆಯೋ (ಎರಡೂ ಗುಣಮಟ್ಟ ನೋಡಿ ಕೊಡುವಂಥವು) ಇರಬೇಕು, ಹಾಗಾಗಿ ಸೇರುವ ಮೊದಲೇ ಕೇಳಿ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಹಾಕಿ, ಆಗ ದಾಖಲೆ ಉಳಿಯುತ್ತದೆ. ಮ್ಯಾನೇಜರ್ ಆಗಲ್ಲ ಅಂದರೆ ಕಾರಣ ಬರೆದುಕೊಡಿ ಅಂತ ಕೇಳಿ. ಜಗಳ ಬೇಡ, ಕೇಳಿದರೆ ಸಾಕು.

ಇನ್ನು ಕಾಗದಪತ್ರ. ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಇವತ್ತೇ ತೆಗೆಸಿ, ಅದರ ಮೇಲಿನ ಆರ್‌ಡಿ ನಂಬರ್ ಎಲ್ಲ ಕಡೆ ಬೇಕಾಗುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲೂ ಆಧಾರಿನಲ್ಲೂ ಹೆಸರು, ಇನಿಶಿಯಲ್ ಒಂದೇ ಥರ ಇದೆಯಾ ನೋಡಿ. ನನ್ನ ತಮ್ಮನಿಗೆ ಒಂದು ವರ್ಷ ಸ್ಕಾಲರ್‌ಶಿಪ್ ಬರಲೇ ಇಲ್ಲ. ಹೊಸ ಪಾಸ್‌ಬುಕ್ಕಿನ ಜೆರಾಕ್ಸ್ ಕೊಟ್ಟಿದ್ದೆವು, ಆದರೆ ಆಧಾರ್ ಜೋಡಣೆ ಇದ್ದದ್ದು ಇನ್ನೊಂದು ಬ್ಯಾಂಕಿನ ಹಳೇ ಖಾತೆಗೆ, ಅದು ಯಾವಾಗಲೋ ಬಂದ್ ಆಗಿತ್ತು. ಅಮ್ಮ ಬಳೆ ಅಡ ಇಟ್ಟು ಆ ವರ್ಷದ ಶುಲ್ಕ ಕಟ್ಟಿದರು. ಆ ಬಳೆಗಳನ್ನು ಬಿಡಿಸಿಕೊಳ್ಳಲು ಮೂರು ವರ್ಷ ಬೇಕಾಯಿತು. ಸರ್ಕಾರದ ಹಣ ಹೋಗೋದು ಆಧಾರ್ ಜೋಡಿಸಿದ ಖಾತೆಗೇ, ನೀವು ಅರ್ಜಿಯಲ್ಲಿ ಬರೆದ ಖಾತೆಗೆ ಅಲ್ಲ. ಬ್ಯಾಂಕಿಗೆ ಹೋಗಿ ಇದೊಂದನ್ನು ಖಾತ್ರಿ ಮಾಡಿಕೊಳ್ಳಿ.

ಪ್ರಶ್ನೆ: ಹತ್ತನೇ ತರಗತಿ, ಪಿಯುಸಿ ಎರಡೂ ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಓದಿದೆ. ಬಿ.ಎಸ್ಸಿ. ಸೇರಬೇಕು. ನಾವು 2ಎ. ಹಾಸ್ಟೆಲ್ ಸಿಗದಿದ್ದರೆ ಅಪ್ಪ ಓದು ಬಿಡಿಸುತ್ತಾರೆ.

ಉತ್ತರ: ಬಿಡಬೇಡ ತಂಗಿ. ಹಿಂದುಳಿದ ವರ್ಗಗಳ ಹಾಸ್ಟೆಲ್‌ಗೆ ಅರ್ಜಿ ಹಾಕು. ಸಿಗದಿದ್ದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ವಿದ್ಯಾಸಿರಿಗೆ ಹಾಕು. ಹಾಸ್ಟೆಲ್ ಸಿಗದವರಿಗೇ ಇರುವ ಯೋಜನೆ ಅದು, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳ ಹಣ ಬರುತ್ತದೆ. ನಿನ್ನ ಹಾಗೆ ಎರಡೂ ಕಡೆ ಸರ್ಕಾರಿಯಲ್ಲೇ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಸ್ಕಾಲರ್‌ಶಿಪ್ ಕೊಡುತ್ತದೆ. ಅರ್ಜಿಗೆ ಶುಲ್ಕ ಇಲ್ಲ, ಯಾರಾದರೂ ಕೇಳಿದರೆ ಕೊಡಬೇಡ. ಅಪ್ಪ ಕಟ್ಟಡ ಕೆಲಸ ಮಾಡುವವರಾದರೆ, ಕಾರ್ಮಿಕ ಕಾರ್ಡ್ ಇದ್ದರೆ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲೂ ಮಕ್ಕಳ ಓದಿಗೆ ಸಹಾಯಧನ ಇದೆ. ಈ ಪುಟವನ್ನು ಅಪ್ಪನಿಗೆ ಓದಿ ಹೇಳು. ಆಮೇಲೂ ಒಪ್ಪದಿದ್ದರೆ ನಿನ್ನ ಪಿಯು ಕಾಲೇಜಿನ ಪ್ರಿನ್ಸಿಪಾಲರನ್ನು ಮನೆಗೆ ಕರೆದುಕೊಂಡು ಬಾ.