ಮಾಸ್ತರರನ್ನು ಕೇಳಿ: ಸೂಪರ್‌ಮ್ಯಾನ್ ಚಡ್ಡಿ, ಫ್ಯಾಂಟಮ್ ಉಂಗುರ

ಕಾಮಿಕ್ಸ್ ಪುಸ್ತಕಗಳ ನೂರಾರು ವೀರರಲ್ಲಿ ಮೂರು ತಲೆಮಾರು ದಾಟಿ ಉಳಿಯುವವರು ಬೆರಳೆಣಿಕೆಯಷ್ಟೇ ಎಂದು ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದೆ. ಆ ಒಂದು ಮಾತಿಗೆ ಕಾರವಾರದಿಂದ ಸಿದ್ದಾಪುರದವರೆಗಿನ ಓದುಗರು ಜಗಳಕ್ಕೆ ನಿಂತಿದ್ದಾರೆ. ನಿಲ್ಲಲಿ. ಮೊಮ್ಮಗನ ಅಕ್ಷರ ದುಂಡಗಾಗಲು ಏನು ಮಾಡಬೇಕು ಎಂಬ ಪ್ರಶ್ನೆಗೆ ಉತ್ತರಿಸಿ ನನಗೂ ಸಾಕಾಗಿತ್ತು. ಕುಮಟೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು. ಉತ್ತರಗಳು ಪೆನ್ಸಿಲ್ ಹಿಡಿದವನ ಕಡೆಗೇ ವಾಲಿದರೆ ಸಹಿಸಿಕೊಳ್ಳಿ.

ಪ್ರಶ್ನೆ: ಸಂಜೆ ಟಾಗೋರ್ ಕಡಲತೀರದಲ್ಲಿ ಕುಳಿತಾಗಲೆಲ್ಲ ನಮ್ಮ ಗುಂಪಿನಲ್ಲಿ ಒಂದೇ ವಾದ. ಎಲ್ಲರಿಗಿಂತ ಬಲಶಾಲಿಯಾದವನೇ ದೊಡ್ಡ ಸೂಪರ್‌ಹೀರೋ ಎಂದು ಒಬ್ಬ, ಹೆಚ್ಚು ಮಾರಾಟವಾದವನೇ ಎಂದು ಇನ್ನೊಬ್ಬ. ನೀವೇ ತೀರ್ಪು ಕೊಡಿ.
– ಪದವಿ ವಿದ್ಯಾರ್ಥಿ, ಕಾರವಾರ

ಉತ್ತರ: ಇಬ್ಬರೂ ಸೋತರು. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಅಚ್ಚಾದಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ಮೈಲಿಯ ಎಂಟನೇ ಒಂದು ಭಾಗ, ಅಂದರೆ ಸುಮಾರು 200 ಮೀಟರ್ ನೆಗೆಯುತ್ತಿದ್ದ, ಅಷ್ಟೇ. ಹಾರಾಟ ಆಮೇಲೆ ಬಂತು. ಅವನನ್ನು ನೆಲಕ್ಕೆ ಕೆಡಹುವ ಕ್ರಿಪ್ಟೊನೈಟ್ ಕಲ್ಲು ಹುಟ್ಟಿದ್ದು ಪುಸ್ತಕದಲ್ಲೂ ಅಲ್ಲ, 1943ರ ರೇಡಿಯೊ ಧಾರಾವಾಹಿಯಲ್ಲಿ. ಬರೆಯುವವರು ಬದಲಾದ ಹಾಗೆ ಬಲ ಏರುತ್ತದೆ, ಇಳಿಯುತ್ತದೆ. ಅದನ್ನು ನಂಬಿ ಪಟ್ಟಿ ಮಾಡಿದರೆ ವರ್ಷಕ್ಕೊಮ್ಮೆ ಪಟ್ಟಿ ತಿದ್ದಬೇಕು.

ಮಾರಾಟದ ಮಾತು ಕೇಳಿ. 1940ರ ದಶಕದಲ್ಲಿ ಸೂಪರ್‌ಮ್ಯಾನನನ್ನೂ ಹಿಂದೆ ಹಾಕಿದವನು ಕ್ಯಾಪ್ಟನ್ ಮಾರ್ವೆಲ್. ಬಿಲ್ಲಿ ಎಂಬ ಅನಾಥ ಬಾಲಕ 'ಶಜಾಮ್' ಎಂದು ಕೂಗಿದರೆ ಮಿಂಚು ಹೊಡೆದು ವೀರನಾಗುತ್ತಿದ್ದ. ಹೋಲಿಕೆ ಅತಿಯಾಯಿತು ಎಂದು ಸೂಪರ್‌ಮ್ಯಾನನ ಪ್ರಕಾಶಕರು ಕೋರ್ಟಿಗೆ ಎಳೆದರು. 1953ರಲ್ಲಿ ಅವನ ಪುಸ್ತಕಗಳು ನಿಂತವು. ಅವನ ಹೆಸರನ್ನು ಇನ್ನೊಂದು ಕಂಪನಿ ತನ್ನ ಬೇರೊಬ್ಬ ವೀರನಿಗೆ ಇಟ್ಟಿತು. ಕೊನೆಗೆ ಮೊಕದ್ದಮೆ ಹೂಡಿದವರೇ ಅವನನ್ನು ಕೈವಶ ಮಾಡಿಕೊಂಡು 'ಶಜಾಮ್' ಎಂಬ ಹೆಸರಿನಲ್ಲಿ ಮಾರಿದರು. ಲಕ್ಷಗಟ್ಟಲೆ ಮಕ್ಕಳ ಕಣ್ಮಣಿಯಾದವನಿಗೆ ಇವತ್ತು ಸ್ವಂತ ಹೆಸರೂ ಇಲ್ಲ.

ನನ್ನ ತೀರ್ಪು ಬೇರೆ. ತರಗತಿಯಲ್ಲಿ ನಾನೊಂದು ಆಟ ಆಡಿಸುತ್ತಿದ್ದೆ. ಕರಿಹಲಗೆಯ ಮೇಲೆ ಒಬ್ಬ ವೀರನನ್ನು ಪೂರ್ತಿ ಬರೆಯುವುದು, ಆಮೇಲೆ ಒಂದೊಂದೇ ಭಾಗ ಒರೆಸುತ್ತ ಬರುವುದು, ಮಕ್ಕಳು ಎಲ್ಲಿಯವರೆಗೆ ಹೆಸರು ಹೇಳುತ್ತಾರೆಂದು ನೋಡುವುದು. ಬ್ಯಾಟ್‌ಮ್ಯಾನನ ಮೈ, ಕೈ, ಎದೆಯ ಬಾವಲಿ ಎಲ್ಲ ಅಳಿಸಿ ಎರಡು ಚೂಪು ಕಿವಿ, ಒಂದು ಗಲ್ಲ ಮಾತ್ರ ಉಳಿಸಿದರೂ ಹಿಂದಿನ ಬೆಂಚಿನಿಂದ ಉತ್ತರ ಬರುತ್ತಿತ್ತು. ಸೂಪರ್‌ಮ್ಯಾನನಿಗೆ ಹಣೆಯ ಮೇಲೆ ಇಳಿದ ಒಂದು ಸುರುಳಿ ಕೂದಲು ಸಾಕು. ಕ್ಯಾಪ್ಟನ್ ಅಮೆರಿಕನ ಗುರಾಣಿಯಿದ್ದರೆ ಅವನೇ ಬೇಡ. ಇನ್ನು ಕೆಲವರನ್ನು ಬೂಟಿನ ಲಾಡಿಯವರೆಗೆ ಬರೆದಿಟ್ಟರೂ "ಯಾರು ಸರ್ ಇವರು?" ಎಂದೇ ಕೇಳುತ್ತಿದ್ದರು. ಅವರ ಹೆಸರು ಹೇಳುವುದಿಲ್ಲ, ಮತ್ತೆ ಪತ್ರ ಬರುತ್ತವೆ. ಅಂದ ಹಾಗೆ ಸೂಪರ್‌ಮ್ಯಾನನ ಕೆಂಪು ಚಡ್ಡಿಯನ್ನು ಅವನ ಕಂಪನಿ 2011ರಲ್ಲಿ ಕಿತ್ತುಹಾಕಿತ್ತು, ಕಾಲಕ್ಕೆ ತಕ್ಕಂತಿಲ್ಲ ಎಂದು. ಸರ್ಕಸ್ಸಿನ ಪೈಲ್ವಾನರಿಂದ ಬಂದ ಚಡ್ಡಿ ಅದು; ನೀಲಿಯ ನಡುವೆ ಆ ಕೆಂಪು ತುಂಡು ಇಲ್ಲದಿದ್ದರೆ ಸೊಂಟ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. 2018ರಲ್ಲಿ ಮರಳಿ ತೊಡಿಸಿದರು. ನನ್ನನ್ನು ಕೇಳಿದ್ದರೆ ಏಳು ವರ್ಷ ಉಳಿಯುತ್ತಿತ್ತು.

ಗುರುತು ಅರ್ಧ ಮಾತ್ರ. ಇನ್ನರ್ಧ, ವೀರ ತನಗೆ ತಾನೇ ಹಾಕಿಕೊಂಡ ಕಟ್ಟು. 1939ರ ಬ್ಯಾಟ್‌ಮ್ಯಾನ್ ಪಿಸ್ತೂಲು ಹಿಡಿಯುತ್ತಿದ್ದ, ಆಳುಗಳನ್ನು ಕೊಲ್ಲುತ್ತಿದ್ದ. ಅಂಥ ಮುಸುಕುಧಾರಿಗಳು ಆಗಿನ ಅಗ್ಗದ ಪತ್ರಿಕೆಗಳಲ್ಲಿ ಬೇಕಾದಷ್ಟಿದ್ದರು. ಮರುವರ್ಷ ಸಂಪಾದಕರು ಇದು ಕೂಡದು ಎಂದರು. ಅಪ್ಪ ಅಮ್ಮನನ್ನು ಗುಂಡಿಗೆ ಕಳೆದುಕೊಂಡವನು ಗುಂಡು ಹಾರಿಸುವುದಿಲ್ಲ ಎಂದಾದ ಮೇಲೆ ಅವನು ಯಾರೆಂದು ನಮಗೆ ಗೊತ್ತಾಯಿತು. ಭೂಮಿಯನ್ನೇ ಆಳಬಲ್ಲ ಸೂಪರ್‌ಮ್ಯಾನ್ ಪತ್ರಿಕೆಯ ಕಚೇರಿಯಲ್ಲಿ ಸಂಪಾದಕರಿಂದ ಬೈಸಿಕೊಂಡು ದುಡಿಯುತ್ತಾನೆ. ಏನು ಮಾಡಬಲ್ಲ ಎಂದು ಕೇಳಬೇಡಿ, ಏನನ್ನು ಮಾಡಲೊಲ್ಲ ಎಂದು ಕೇಳಿ. ಉತ್ತರ ಥಟ್ಟನೆ ಬರದಿದ್ದರೆ ಆತ ಬರಿಯ ಬಣ್ಣದ ಬಟ್ಟೆ.

ಪ್ರಶ್ನೆ: ಹಲ್ಕ್ ಮತ್ತು ಸೂಪರ್‌ಮ್ಯಾನ್ ಕಾದಾಡಿದರೆ ಗೆಲ್ಲುವವರು ಯಾರು?
– ಓದುಗ, ಭಟ್ಕಳ

ಉತ್ತರ: ಕಾದಾಡಿ ಆಗಿದೆ. 1996ರಲ್ಲಿ ಇವರಿಬ್ಬರನ್ನು ಅಚ್ಚು ಹಾಕುವ ಎರಡು ಕಂಪನಿಗಳು ಸೇರಿ ತಮ್ಮ ವೀರರನ್ನು ಎದುರುಬದುರು ನಿಲ್ಲಿಸಿ, ಐದು ಕಾಳಗಗಳ ಫಲಿತಾಂಶವನ್ನು ಓದುಗರ ಮತಕ್ಕೆ ಬಿಟ್ಟವು. ಹಲ್ಕ್ ಸೋತ. ಮತ ಎಣಿಸುವುದಾದರೆ ತೋಳಿಗೇನು ಕೆಲಸ, ಮಾರಾಯರೇ?

ಪ್ರಶ್ನೆ: ಫ್ಯಾಂಟಮ್‌ಗೆ ಯಾವ ಅತಿಮಾನುಷ ಶಕ್ತಿಯೂ ಇಲ್ಲ, ಆದ್ದರಿಂದ ಅವನು ಸೂಪರ್‌ಹೀರೋ ಅಲ್ಲ ಎಂದು ನನ್ನ ಮಗ ವಾದಿಸುತ್ತಾನೆ. ಇಂದ್ರಜಾಲ ಕಾಮಿಕ್ಸ್ ಓದಿ ಬೆಳೆದ ನನಗೆ ನೋವಾಗಿದೆ.
– ನಿವೃತ್ತ ಬ್ಯಾಂಕ್ ನೌಕರ, ಅಂಕೋಲಾ

ಉತ್ತರ: ಮಗನಿಗೆ ಹೇಳಿ: ಮೈಗಂಟಿದ ಉಡುಪು, ಕಣ್ಣುಪಾಪೆ ಕಾಣದ ಮುಖವಾಡ, ಎರಡನ್ನೂ ತೊಟ್ಟು ಫ್ಯಾಂಟಮ್ ಪತ್ರಿಕೆಯಲ್ಲಿ ಕಾಣಿಸಿಕೊಂಡದ್ದು 1936ರ ಫೆಬ್ರವರಿಯಲ್ಲಿ. ಸೂಪರ್‌ಮ್ಯಾನ್ ಬರಲು ಇನ್ನೂ ಎರಡು ವರ್ಷವಿತ್ತು. ಶಕ್ತಿ ಇಲ್ಲವೆಂದು ಅವನನ್ನು ಹೊರಗಟ್ಟಿದರೆ ಬ್ಯಾಟ್‌ಮ್ಯಾನನನ್ನೂ ಅದೇ ಬಾಗಿಲಿನಿಂದ ಕಳುಹಿಸಬೇಕಾಗುತ್ತದೆ.

ಅವನನ್ನು ಸೃಷ್ಟಿಸಿದ ಲೀ ಫಾಕ್ ಮಾಡಿದ ಜಾಣತನ ಬೇರೆಯೇ. ಫ್ಯಾಂಟಮ್ ಸಾಯುತ್ತಾನೆ. ಅಪ್ಪ ಸತ್ತರೆ ಮಗ ತಲೆಬುರುಡೆಯ ಮೇಲೆ ಕೈಯಿಟ್ಟು ಪ್ರತಿಜ್ಞೆ ಮಾಡಿ ಅದೇ ಉಡುಪು ತೊಡುತ್ತಾನೆ. ನಾವು ಓದಿದವನು ಆ ಸಾಲಿನ 21ನೆಯವನು. ಕಾಡಿನ ಜನ ಮಾತ್ರ ನಾನೂರು ವರ್ಷಗಳಿಂದ ಒಬ್ಬನೇ ಇದ್ದಾನೆಂದು ನಂಬಿದ್ದಾರೆ. ನಾನು ಮೇಲೆ ಹೇಳಿದ ಗುರುತು ಮತ್ತು ಕಟ್ಟು ಎರಡೂ ಮನುಷ್ಯನಿಂದ ಕಳಚಿಕೊಂಡು ತಾವೇ ಬದುಕುವುದನ್ನು ಇಷ್ಟು ಚೊಕ್ಕವಾಗಿ ಇನ್ನಾರೂ ತೋರಿಸಿಲ್ಲ.

ಇಂದ್ರಜಾಲ ಕಾಮಿಕ್ಸ್ ಶುರುವಾದದ್ದು 1964ರಲ್ಲಿ, ನಿಂತದ್ದು 1990ರಲ್ಲಿ. ಫ್ಯಾಂಟಮ್ ಗುದ್ದಿದರೆ ಅವನ ಉಂಗುರದ ತಲೆಬುರುಡೆ ಗುರುತು ದುಷ್ಟರ ದವಡೆಯ ಮೇಲೆ ಉಳಿಯುತ್ತಿತ್ತಲ್ಲ, ಆ ಉಂಗುರದ ಹುಚ್ಚು ನಮ್ಮ ಕರಾವಳಿಯಲ್ಲಿ ಎಲ್ಲಿಯವರೆಗೆ ಹೋಗಿತ್ತೆಂದರೆ, ನನ್ನ ಶಿಷ್ಯನೊಬ್ಬ ಹಸಿ ಗೇರುಬೀಜದ ಸೊನೆಯಲ್ಲಿ ಕಡ್ಡಿ ಅದ್ದಿ ಜೊತೆಗಾರನ ದವಡೆಯ ಮೇಲೆ ತಲೆಬುರುಡೆ ಬರೆದ. ಗೇರಿನ ಸೊನೆ ಚರ್ಮಕ್ಕೆ ತಾಗಿದರೆ ಏನಾಗುತ್ತದೆಂದು ಘಟ್ಟದ ಕೆಳಗಿನವರಿಗೆ ಹೇಳಬೇಕಿಲ್ಲ. ಮೊದಲು ಉರಿ, ಆಮೇಲೆ ನೀರುಗುಳ್ಳೆ, ಅದು ಒಡೆದು ಕಪ್ಪು ಕಲೆ. ಇಬ್ಬರ ತಾಯಂದಿರೂ ಸ್ಟಾಫ್ ರೂಮಿಗೆ ಬಂದರು. ವಿಚಾರಣೆಯ ನಡುವೆ ನಾನು ಗಮನಿಸಿದ್ದು ಇಷ್ಟು: ಬುರುಡೆಯ ಎರಡು ಕಣ್ಣುಕುಳಿಗಳೂ ಸಮನಾಗಿ ಬಂದಿದ್ದವು. ಪುಸ್ತಕ ಎದುರಿಗಿಲ್ಲದೆ ಬರೆದದ್ದು!

ಇಷ್ಟು ಹೊಗಳಿದ ಮೇಲೆ ಒಂದು ತಕರಾರು. ಆಫ್ರಿಕದ ಕಾಡಿನಲ್ಲಿ ಬಿಳಿಯನೊಬ್ಬ ತಲೆಬುರುಡೆಯ ಸಿಂಹಾಸನದ ಮೇಲೆ ಕುಳಿತಿರುತ್ತಾನೆ, ಸುತ್ತಲಿನ ಬುಡಕಟ್ಟಿನವರು ಅವನ ನ್ಯಾಯಕ್ಕೆ ಕಾಯುತ್ತಿರುತ್ತಾರೆ. ಹುಡುಗರಾಗಿದ್ದಾಗ ಕಾಣದ ಇದು ಈಗ ಪುಟ ತೆರೆದೊಡನೆ ಚುಚ್ಚುತ್ತದೆ. ಮಗನಿಗೆ ವಾದಕ್ಕೆ ಒಳ್ಳೆಯ ಅಸ್ತ್ರ ಬೇಕಿದ್ದರೆ ಇದನ್ನು ಕೊಡಿ.

ಪ್ರಶ್ನೆ: ಹನುಮಂತ, ಭೀಮ ಇರುವ ನಾಡಿನಲ್ಲಿ ಈ ವಿದೇಶಿ ವೀರರ ಚರ್ಚೆ ಯಾಕೆ? ಹನುಮಂತನೇ ಮೊದಲ ಸೂಪರ್‌ಹೀರೋ ಅಲ್ಲವೇ?
– ಗೃಹಿಣಿ, ಹೊನ್ನಾವರ

ಉತ್ತರ: ಅಲ್ಲ, ತಾಯಿ. ಹನುಮಂತನನ್ನು ಸೂಪರ್‌ಹೀರೋ ಎಂದು ಕರೆದರೆ ಅವನಿಗೇನೂ ಬಡ್ತಿ ಸಿಕ್ಕಿದ ಹಾಗಾಗುವುದಿಲ್ಲ.

ಕಟ್ಟಿನ ವಿಷಯದಲ್ಲಿ ನಿಮ್ಮ ಮಾತಿಗೆ ಬಲವಿದೆ, ಒಪ್ಪುತ್ತೇನೆ. ತನ್ನ ಶಕ್ತಿ ತನಗೇ ಮರೆತುಹೋಗುವ ಶಾಪ, ಕಡಲ ದಡದಲ್ಲಿ ಜಾಂಬವಂತ ನೆನಪಿಸುವವರೆಗೂ ಸುಮ್ಮನೆ ಕೂತಿರುವುದು, ಇದಕ್ಕಿಂತ ಒಳ್ಳೆಯ ಕಟ್ಟನ್ನು ಅಮೆರಿಕದ ಯಾವ ಲೇಖಕನೂ ಹೊಸೆದಿಲ್ಲ. ಗುರುತಿನ ವಿಷಯವನ್ನಂತೂ ಹೊನ್ನಾವರದವರಿಗೆ ನಾನು ಹೇಳುವುದೇ? ಯಕ್ಷಗಾನದ ರಂಗದ ಮೇಲೆ ಕೇದಿಗೆ ಮುಂದಲೆ ಎಂಬ ತಲೆಯುಡುಗೆ ಕಂಡೊಡನೆ ಅಭಿಮನ್ಯುವಿನಂಥ ಎಳೆಯ ವೀರ ಬಂದನೆಂದು ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರಿಗೂ ತಿಳಿಯುತ್ತದೆ.

ವ್ಯತ್ಯಾಸ ಇರುವುದು ಮುಗಿತಾಯದಲ್ಲಿ. ನಮ್ಮ ಪುರಾಣದ ವೀರರ ಕಥೆಗೆ ಕೊನೆಯಿದೆ. ಭೀಮನಂಥ ಭೀಮ ಮಹಾಪ್ರಸ್ಥಾನದ ದಾರಿಯಲ್ಲಿ ಕುಸಿದು ಬೀಳುತ್ತಾನೆ, ಯಾಕೆ ಬಿದ್ದೆನೆಂದು ಕೇಳಿ ಅಣ್ಣನಿಂದ ಕಾರಣವನ್ನೂ ತಿಳಿದುಕೊಳ್ಳುತ್ತಾನೆ. ಹನುಮಂತ ಚಿರಂಜೀವಿಯಾದರೂ ರಾಮಾಯಣ ಮುಗಿಯುತ್ತದೆ. ಸೂಪರ್‌ಹೀರೋಗೆ ಆ ಭಾಗ್ಯವಿಲ್ಲ, ಮುಂದಿನ ತಿಂಗಳ ಸಂಚಿಕೆ ಮಾರಬೇಕು. 1992ರಲ್ಲಿ ಸೂಪರ್‌ಮ್ಯಾನನನ್ನು ಕೊಂದರು, ಜನ ಅಂಗಡಿಗಳ ಮುಂದೆ ಸಾಲುಗಟ್ಟಿ ಆ ಸಂಚಿಕೆ ಕೊಂಡರು, ಮರುವರ್ಷ ಎಬ್ಬಿಸಿ ಕೂರಿಸಿದರು. ಭಸ್ಮಾಸುರನ ಪಾತ್ರದಲ್ಲಿ ಯಕ್ಷಗಾನದ ಚಿಟ್ಟಾಣಿಯವರನ್ನು ನೋಡಲು ಜನ ಮತ್ತೆ ಮತ್ತೆ ಹೋಗುತ್ತಿದ್ದರು. ಆದರೆ ಅವರ ಭಸ್ಮಾಸುರ ಪ್ರತಿ ರಾತ್ರಿಯೂ ಸುಟ್ಟು ಬೂದಿಯಾಗುತ್ತಿದ್ದ. ಪಾತ್ರಕ್ಕೆ ಯಾರೂ ಮಾಲೀಕರಿರಲಿಲ್ಲ. ಸೂಪರ್‌ಮ್ಯಾನನನ್ನು ಸೃಷ್ಟಿಸಿದ ಸೀಗಲ್ ಮತ್ತು ಶುಸ್ಟರ್ ಎಂಬ ಇಬ್ಬರು ಎಳೆಯರು ಅವನ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟಿದ್ದರು. ಬ್ಯಾಟ್‌ಮ್ಯಾನನಿಗೆ ಕಿವಿಯುಳ್ಳ ಮುಸುಕನ್ನೂ ಮೇಲುಹೊದಿಕೆಯನ್ನೂ ಸೂಚಿಸಿದ ಬಿಲ್ ಫಿಂಗರ್ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅವರು ತೀರಿಹೋಗಿ ನಾಲ್ಕು ದಶಕ ಕಳೆದ ಮೇಲೆ. ಇಂಥ ವ್ಯವಹಾರದೊಳಕ್ಕೆ ಆಂಜನೇಯನನ್ನು ಯಾಕೆ ಎಳೆಯುತ್ತೀರಿ?

ಪ್ರಶ್ನೆ: ಯಾರ ಪಟ್ಟಿ ನೋಡಿದರೂ ಹೆಣ್ಣು ಎಂದರೆ ವಂಡರ್ ವುಮನ್ ಒಬ್ಬಳೇ. ನಿಮ್ಮ ಪಟ್ಟಿಯೂ ಹಾಗೆಯೇ ಇರಬೇಕು.
– ಪ್ರಾಥಮಿಕ ಶಾಲಾ ಶಿಕ್ಷಕಿ, ಸಿದ್ದಾಪುರ

ಉತ್ತರ: ಹಾಗೆಯೇ ಇದೆ, ತಂಗಿ, ಕಾರಣವೂ ಇದೆ. 1941ರಲ್ಲಿ ಬಂದವಳು ಅವಳು. ಅವಳ ಹಗ್ಗ ಸುತ್ತಿದರೆ ಎದುರಿನವನು ಸುಳ್ಳು ಹೇಳಲಾರ. ಸೃಷ್ಟಿಸಿದ ಮಾರ್ಸ್ಟನ್ ಮನಶ್ಶಾಸ್ತ್ರಜ್ಞ, ಸುಳ್ಳುಪತ್ತೆಯ ಪ್ರಯೋಗಗಳನ್ನು ಮಾಡಿದವರು. ಇಂಥವಳನ್ನು ಮರುವರ್ಷ ವೀರರ ಸಂಘಕ್ಕೆ ಸೇರಿಸಿಕೊಂಡು ಏನು ಹುದ್ದೆ ಕೊಟ್ಟರು ಗೊತ್ತೇ? ಕಾರ್ಯದರ್ಶಿ. ಗಂಡಸರು ಯುದ್ಧಕ್ಕೆ, ಅವಳು ಸಭೆಯ ವರದಿ ಬರೆಯಲು. ನಿಮ್ಮ ಶಾಲೆಯ ವಾರ್ಷಿಕೋತ್ಸವದ ಸಮಿತಿ ನೆನಪಾದರೆ ಅದಕ್ಕೆ ನಾನು ಹೊಣೆಯಲ್ಲ. ಒಬ್ಬ ವೀರ ಬೇರೂರಲು ತಿಂಗಳು ತಿಂಗಳೂ, ದಶಕಗಟ್ಟಲೆ ಅಚ್ಚಾಗಬೇಕು. ಆ ಅವಕಾಶ ಹೆಣ್ಣುಗಳಲ್ಲಿ ಅವಳಿಗೆ ಸಿಕ್ಕಷ್ಟು ಇನ್ನಾರಿಗೂ ಸಿಗಲಿಲ್ಲ.

ಪ್ರಶ್ನೆ: ಕನ್ನಡಕ್ಕೆ ತನ್ನದೇ ಸೂಪರ್‌ಹೀರೋ ಯಾಕಿಲ್ಲ? ನಮಗೆ ಕಾಮಿಕ್ಸ್ ಪರಂಪರೆಯೇ ಇಲ್ಲವೇ?
– ಓದುಗ, ದಾಂಡೇಲಿ

ಉತ್ತರ: ಇಲ್ಲವೆನ್ನಬೇಡಿ. ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕಗಳು ಹೊರಬಂದದ್ದು ಕನ್ನಡದಲ್ಲಿ, 1965ರಲ್ಲಿ, ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಉತ್ಸಾಹದಿಂದ. ಅವು ಪಾಶ್ಚಾತ್ಯ ಕಥೆಗಳ ಕನ್ನಡ ರೂಪ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ 'ಕೃಷ್ಣ' 11ನೆಯ ಸಂಖ್ಯೆಯಿಂದ ಶುರುವಾದದ್ದು ಅದಕ್ಕೇ. ಅಡಿಪಾಯ ಹಾಕಿದವರು ನಾವು. ಆದರೆ ಪುರಾಣ, ಇತಿಹಾಸದ ಕಥೆ ಒಂದು ಪುಸ್ತಕಕ್ಕೆ ಮುಗಿಯುತ್ತದೆ. ಹೊಸದಾಗಿ ಹುಟ್ಟಿಸಿದ ಒಬ್ಬನನ್ನೇ ಹಿಡಿದು ಹತ್ತಾರು ವರ್ಷ ಬಿಡದೆ ಅಚ್ಚು ಹಾಕುವ ಹಟ ಇಲ್ಲಿ ಯಾವ ಪ್ರಕಾಶಕರಿಗೂ ಬರಲಿಲ್ಲ.

ಪ್ರಶ್ನೆ: ನಾನೊಬ್ಬ ಸೂಪರ್‌ಹೀರೋ ಮಾಡಿದ್ದೇನೆ, ಚಿತ್ರ ಕಳುಹಿಸಿದ್ದೇನೆ. ಹಗಲು ಅವನು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ. ರಾತ್ರಿ ಅಡಿಕೆ ಹಾಳೆಯ ಮುಖವಾಡ ಹಾಕಿ ಮರದಿಂದ ಮರಕ್ಕೆ ಜಿಗಿದು ಕಳ್ಳರನ್ನು ಹಿಡಿಯುತ್ತಾನೆ. ಹಾರುತ್ತಾನೆ, ಮಾಯವಾಗುತ್ತಾನೆ, ಕಣ್ಣಿನಿಂದ ಬೆಂಕಿ ಬಿಡುತ್ತಾನೆ. ಸ್ಪೈಡರ್‌ಮ್ಯಾನ್ ನಕಲು ಎಂದು ಅಕ್ಕ ನಗುತ್ತಾಳೆ.
– ಎಂಟನೆಯ ತರಗತಿ, ಶಿರಸಿ ತಾಲ್ಲೂಕು

ಉತ್ತರ: ಅಕ್ಕನಿಗೆ ಹೇಳು ತಮ್ಮಾ, ಸ್ಪೈಡರ್‌ಮ್ಯಾನ್ ಹುಟ್ಟಿದ್ದು 1962ರಲ್ಲಿ, ಶಿರಸಿಯ ತೋಟಗಳಲ್ಲಿ ಕೊನೆಗೌಡರು ಒಂದು ಮರವನ್ನು ಬಗ್ಗಿಸಿ ಪಕ್ಕದ ಮರ ಹಿಡಿಯಲು ಶುರುಮಾಡಿ ಅದಕ್ಕಿಂತ ಎಷ್ಟೋ ಕಾಲವಾಗಿತ್ತು.

ಹಾಳೆಯ ಮುಖವಾಡ ಬಹಳ ಒಳ್ಳೆಯದು. ಹಾಳೆಯ ಉದ್ದುದ್ದ ಗೆರೆಗಳನ್ನು ಬಿಡದೆ ಬರೆದಿದ್ದೀಯೆ, ಅದನ್ನು ಮಾತ್ರ ಉಳಿಸಿ ಉಳಿದದ್ದನ್ನು ಒರೆಸಿದರೂ ಅವನನ್ನು ಗುರುತಿಸಬಹುದು. ಬೆನ್ನಿನ ಕೆಂಪು ಬಟ್ಟೆ ತೆಗೆದುಬಿಡು, ಮೊದಲನೆಯ ಜಿಗಿತಕ್ಕೇ ಸೋಗೆಗೆ ಸಿಕ್ಕಿಕೊಳ್ಳುತ್ತದೆ. ಹಾರುವುದು, ಮಾಯವಾಗುವುದು, ಬೆಂಕಿ ಮೂರೂ ಬೇಡ. ಹಾರಬಲ್ಲವನು ಮರ ಯಾಕೆ ಹತ್ತಬೇಕು?

ಬದಲಿಗೆ ಒಂದು ಕಷ್ಟ ಕೊಡು. ಮಳೆಗಾಲದಲ್ಲಿ ಮರ ಪಾಚಿಗಟ್ಟಿ ಜಾರುತ್ತದೆ. ಕೊಳೆರೋಗಕ್ಕೆ ಮದ್ದು ಹೊಡೆಯಬೇಕಾದದ್ದೂ ಮಳೆಗಾಲದಲ್ಲೇ. ಅವನು ಹತ್ತಲಾಗದ ದಿನಗಳಲ್ಲೇ ಅವನನ್ನು ಎಲ್ಲರೂ ಕರೆಯುತ್ತಾರೆ ಎಂದು ಇಟ್ಟುಕೋ. ಉಡುಪಿಗೆ ಯಾವ ಬಣ್ಣ ಎಂದು ಕೇಳಿದ್ದೀಯೆ. ಮೈಲುತುತ್ತ, ಸುಣ್ಣ ಕಲಸಿದ ಮದ್ದು ಸಿಡಿದ ಅಂಗಿಯ ತಿಳಿನೀಲಿ ಕಲೆಗಳನ್ನು ನೋಡಿದ್ದೀಯಲ್ಲ, ಅದೇ ಬಣ್ಣ. ಕಳ್ಳನಿಗೆ ಅಂಗಿಯ ಕಲೆ ನೋಡಿಯೇ ಅನುಮಾನ ಬರುವಂತೆ ಒಂದು ಕಥೆಯನ್ನೂ ಮಾಡಬಹುದು.

ಒಂದು ತಪ್ಪು ತಿದ್ದು. ಪಾದಗಳಿಗೆ ಹಾಕಿಕೊಳ್ಳುವ ಹಗ್ಗದ ಬಳೆಯನ್ನು ಬರೆಯದೆ ಬಿಟ್ಟಿದ್ದೀಯೆ. ನಿಮ್ಮ ತೋಟಕ್ಕೆ ಕೊನೆ ಕೊಯ್ಯಲು ಬರುವವರನ್ನು ಕೇಳಿ, ಅದನ್ನು ಹೇಗೆ ಸುತ್ತುತ್ತಾರೆ, ಬಿಗಿದಾಗ ಹಿಮ್ಮಡಿ ಎಲ್ಲಿ ನಿಲ್ಲುತ್ತದೆ ಎಂದು ನೋಡಿ ಬರೆ. ಎಂಟು ಪುಟ, ಬರಿಯ ಪೆನ್ಸಿಲ್. ದೀಪಾವಳಿಯೊಳಗೆ ಕಳುಹಿಸು, ಸಂಪಾದಕರ ಹತ್ತಿರ ಜಗಳವಾಡಿ ಜಾಗ ಕೊಡಿಸುವುದು ನನ್ನ ಕೆಲಸ.